ಗಣಿಧೂಳು, ಎರೆಮಣ್ಣು, ಬಿಸಿಲು: ನಮ್ಮ ಸೀಮೆಯಲ್ಲಿ ಚರ್ಮದ ಬೂಟು ಕಾಪಾಡಿಕೊಳ್ಳುವ ಬಗೆ

ವಾರಕ್ಕೆರಡು ಸಲ ತಪ್ಪದೆ ಪಾಲಿಶ್ ಹಚ್ಚಿದರೂ ಬೂಟು ವರ್ಷ ತುಂಬುವ ಮೊದಲೇ ಬೆರಳು ಮಡಚುವ ಜಾಗದಲ್ಲಿ ಬಿರಿಯುವುದೇಕೆ ಎಂದು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಕೇಳುವವರಲ್ಲಿ ಸಂಡೂರಿನ ಗಣಿಗಳಲ್ಲಿಯೂ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿಯೂ ಸೇಫ್ಟಿ ಶೂ ತೊಟ್ಟು ದುಡಿಯುವವರಿದ್ದಾರೆ, ಪೊಲೀಸ್ ಮತ್ತು ಗೃಹರಕ್ಷಕ ದಳದವರಿದ್ದಾರೆ, ಎನ್‌ಸಿಸಿ ಕೆಡೆಟ್‌ಗಳಿದ್ದಾರೆ, ಸಿರುಗುಪ್ಪ, ಸಿಂಧನೂರು, ಕಾರಟಗಿ ಕಡೆಯ ಕಾಲುವೆ ನೀರಿನ ಗದ್ದೆಗಳಿಗೆ ಕೆಲಸದ ಮೇಲೆ ಹೋಗಿಬರುವವರೂ ಇದ್ದಾರೆ. ಇವರೆಲ್ಲರ ಬೂಟುಗಳು ಕೆಡುವುದು ಬಹುಮಟ್ಟಿಗೆ ಒಂದೇ ಕಾರಣಕ್ಕೆ. ಪಾಲಿಶ್ ಕಡಿಮೆಯಾಗಿ ಅಲ್ಲ, ಧೂಳಿನ ಮೇಲೆಯೇ ಪಾಲಿಶ್ ಹಚ್ಚಿ ಅವು ಕೆಡುತ್ತವೆ. ಈ ಲೇಖನದಲ್ಲಿ ಹೇಳುವ ಹಂತಗಳಲ್ಲಿ ಯಾವುದನ್ನು ಬಿಟ್ಟರೂ ಧೂಳನ್ನು ಒಣಗಿದ್ದಾಗಲೇ ತೆಗೆಯುವ ಹಂತವನ್ನು ಮಾತ್ರ ಬಿಡಬೇಡಿ.

ಕಾರಣ ತಿಳಿದಿದ್ದರೆ ಹಂತಗಳು ನೆನಪಿನಲ್ಲಿ ಉಳಿಯುತ್ತವೆ. ಚರ್ಮವೆಂದರೆ ಕೊಲಾಜೆನ್ ಎಂಬ ಪ್ರೋಟೀನಿನ ಸಣ್ಣ ಸಣ್ಣ ಎಳೆಗಳು ಒಂದರೊಳಗೊಂದು ಹೆಣೆದುಕೊಂಡ ಹಾಸು. ಹಸಿ ತೊಗಲು ಕೊಳೆಯದಂತೆ ಅದನ್ನು ಕ್ರೋಮಿಯಂ ಲವಣದಿಂದಲೋ ತಂಗಡಿ ತೊಗಟೆಯಂತಹ ಒಗರು ವಸ್ತುಗಳಿಂದಲೋ ಹದ ಮಾಡುತ್ತಾರೆ. ಬಳಿಕ ಎಳೆಗಳು ಒಂದರ ಮೇಲೊಂದು ಸರಾಗವಾಗಿ ಜಾರಲೆಂದು ಜಿಡ್ಡು ಉಣಿಸುತ್ತಾರೆ. ಬೂಟಿನ ಮೃದುತ್ವವೆಲ್ಲ ಈ ಜಿಡ್ಡಿನದೇ. ಬಿಸಿಲು, ಬೆವರಿನ ಉಪ್ಪು, ಬಟ್ಟೆ ಸೋಪು, ಡೀಸೆಲ್ ಇವು ಒಂದೊಂದೂ ತಮ್ಮ ತಮ್ಮ ರೀತಿಯಲ್ಲಿ ಆ ಜಿಡ್ಡನ್ನು ಕಳೆಯುತ್ತವೆ. ಜಿಡ್ಡು ಹೋದ ಮೇಲೆ ಪ್ರತಿ ಹೆಜ್ಜೆಗೂ ಎಳೆಗಳು ಒಂದನ್ನೊಂದು ಉಜ್ಜಿ ತುಂಡಾಗುತ್ತವೆ. ಹೀಗೆ ತುಂಡಾದ ಎಳೆಯನ್ನು ಯಾವ ಪಾಲಿಶ್ ಕೂಡ ಮತ್ತೆ ಕೂಡಿಸಲಾರದು.

ಇದರ ಮೇಲೆ ನಮ್ಮ ಸೀಮೆಯ ಧೂಳು ಬೇರೆ. ಸಂಡೂರು ಭಾಗದ ಕೆಂಪು ಅದಿರಿನ ಧೂಳು ಹೆಮಟೈಟ್ ಎಂಬ ಕಬ್ಬಿಣದ ಆಕ್ಸೈಡ್. ಅದರ ಕಣ ಹೆಚ್ಚುಕಡಿಮೆ ಗಾಜಿನಷ್ಟೇ ಗಡಸು. ಕಣ ಒಣಗಿದ್ದಾಗ ಚರ್ಮದ ಮೇಲೆ ಸುಮ್ಮನೆ ಕುಳಿತಿರುತ್ತದೆ, ಬ್ರಷ್ ಆಡಿಸಿದರೆ ಹಾರಿಹೋಗುತ್ತದೆ. ಅದರ ಮೇಲೆ ಒದ್ದೆ ಬಟ್ಟೆ ಇಟ್ಟ ಕೂಡಲೇ ಅದು ಕೆಂಪು ಬಣ್ಣದ ಲೇಪವಾಗಿ ಹೊಲಿಗೆಯ ತೂತುಗಳಿಗೂ ಚರ್ಮದ ರಂಧ್ರಗಳಿಗೂ ಇಳಿಯುತ್ತದೆ. ಅದೇ ಧೂಳಿನ ಮೇಲೆ ಪಾಲಿಶ್ ಹಚ್ಚಿ ತಿಕ್ಕಿದರೆ ಮೇಣದಲ್ಲಿ ಸೇರಿದ ಕಣಗಳು ಮರಳು ಕಾಗದದ ಕೆಲಸ ಮಾಡುತ್ತವೆ. ಹೊಳಪು ಬರುತ್ತದೆ, ನಿಜ; ಆದರೆ ಪ್ರತಿ ಸಲವೂ ಚರ್ಮದ ಮೇಲ್ಪದರ ಅಷ್ಟಷ್ಟು ಸವೆದಿರುತ್ತದೆ.

ಮೊದಲು ನಿಮ್ಮ ಬೂಟು ಯಾವ ಬಗೆಯದು ನೋಡಿಕೊಳ್ಳಿ

ಎಲ್ಲ ಚರ್ಮಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಬೆರಳಿನಿಂದ ಒತ್ತಿದಾಗ ಸುತ್ತಲೂ ಸಣ್ಣ ನೆರಿಗೆಗಳು ಮೂಡಿ, ಬೆರಳು ತೆಗೆದೊಡನೆ ಮಾಯವಾದರೆ ಅದು ಮೇಲ್ಪದರ ಉಳಿಸಿಕೊಂಡ ಒಳ್ಳೆಯ ಚರ್ಮ. ಸೇಫ್ಟಿ ಶೂಗಳಲ್ಲಿ ಬಹುಪಾಲು ಕಾಣುವುದು ಮೇಲ್ಪದರವನ್ನು ಉಜ್ಜಿ ಸಮಮಾಡಿ, ಬಣ್ಣದ ಲೇಪ ಕೊಟ್ಟು, ಕಾಳುಕಾಳಾದ ಅಚ್ಚು ಒತ್ತಿದ ಚರ್ಮ. ಇದು ಗಟ್ಟಿ, ಆದರೆ ಲೇಪ ಇರುವುದರಿಂದ ಎಣ್ಣೆಯನ್ನು ನಿಧಾನವಾಗಿ ಹೀರುತ್ತದೆ. ರೆಕ್ಸಿನ್ ಅಥವಾ ಬಟ್ಟೆಯ ಮೇಲೆ ಪ್ಲಾಸ್ಟಿಕ್ ಬಳಿದ ಬೂಟಾದರೆ ಒಳಅಂಚಿನಲ್ಲಿ ಎಳೆಎಳೆಯಾದ ತೊಗಲಿನ ಬದಲು ನೇಯ್ಗೆ ಕಾಣುತ್ತದೆ; ಅದಕ್ಕೆ ಒದ್ದೆ ಬಟ್ಟೆಯಿಂದ ಒರೆಸುವುದಷ್ಟೇ ಸಾಕು, ಎಣ್ಣೆಯೂ ಪಾಲಿಶೂ ವ್ಯರ್ಥ. ಮೇಲ್ಮೈ ಮಕಮಲ್ಲಿನಂತೆ ನವಿರಾಗಿದ್ದರೆ ಅದು ಸ್ವೀಡ್ ಅಥವಾ ನುಬಕ್. ಅದಕ್ಕೆ ಎಣ್ಣೆ, ಪಾಲಿಶ್ ಎರಡನ್ನೂ ಮುಟ್ಟಿಸಬಾರದು. ಬ್ರಷ್ ಮತ್ತು ಶಾಲೆಯ ಮಕ್ಕಳು ಬಳಸುವ ಬಿಳಿ ರಬ್ಬರು ಸಾಕು. ಅದಿರಿನ ಧೂಳಿರುವ ಕಡೆ ಕೆಲಸಕ್ಕೆ ಹೋಗುವವರು ಸ್ವೀಡ್ ಬೂಟು ಕೊಳ್ಳದಿರುವುದೇ ಒಳ್ಳೆಯದು, ಏಕೆಂದರೆ ಆ ಕೆಂಪು ಅದರೊಳಗಿಂದ ಪೂರ್ತಿ ಹೊರಬರುವುದಿಲ್ಲ.

ಬೇಕಾಗುವ ವಸ್ತುಗಳು

ಕುದುರೆ ಕೂದಲಿನ ಬ್ರಷ್ ಎರಡು ಇರಲಿ, ಒಂದು ಧೂಳಿಗೆ, ಇನ್ನೊಂದು ಹೊಳಪಿಗೆ. ಇವೆರಡನ್ನು ಎಂದೂ ಅದಲುಬದಲು ಮಾಡಬಾರದು. ಕಪ್ಪು ಮತ್ತು ಕಂದು ಬೂಟು ಎರಡೂ ಇದ್ದರೆ ಹೊಳಪಿನ ಬ್ರಷ್ ಸಹ ಬೇರೆಬೇರೆ ಬೇಕು. ಇವಲ್ಲದೆ ಒಂದು ಹಳೆಯ ಹಲ್ಲುಜ್ಜುವ ಬ್ರಷ್, ಒಂದು ಬಿದಿರಿನ ಸೀಳು, ಹಳೆಯ ಬನಿಯನ್ ಇಲ್ಲವೇ ಪಂಚೆಯ ಮೆತ್ತನೆಯ ತುಂಡುಗಳು, ಒಂದಿಷ್ಟು ಹಳೆಯ ಪತ್ರಿಕೆಗಳು ಬೇಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಘಟಕಗಳಿಂದ ಬಟ್ಟೆಯ ಚೂರುಗಳು ಸುಲಭವಾಗಿ ಸಿಗುತ್ತವೆಂದು ಹಲವರು ಅದನ್ನೇ ಬೂಟು ಒರೆಸಲು ಇಟ್ಟುಕೊಳ್ಳುತ್ತಾರೆ. ಒಗೆಯದ ಜೀನ್ಸ್ ಬಟ್ಟೆ ಒರಟು. ಅದರ ನೀಲಿ ಬಣ್ಣ ಕಂದು ಬೂಟಿಗೆ ಹತ್ತುತ್ತದೆ. ಹಲವು ಸಲ ಒಗೆದು ಮೆತ್ತಗಾದ ತುಂಡನ್ನು ಬೇಕಾದರೆ ಕಪ್ಪು ಬೂಟಿಗೆ ಮಾತ್ರ ಬಳಸಿ.

ಸಾಬೂನಿನ ವಿಷಯದಲ್ಲಿ ಎಚ್ಚರ ಬೇಕು. ಹದಮಾಡಿದ ಚರ್ಮ ಸ್ವಭಾವತಃ ಸ್ವಲ್ಪ ಹುಳಿ ಗುಣದ್ದು. ಅದರ ಪಿಎಚ್, ಎಂದರೆ ಹುಳಿ ಮತ್ತು ಕ್ಷಾರದ ಅಳತೆ, ಸಾಮಾನ್ಯವಾಗಿ 3.5ರಿಂದ 5ರ ನಡುವೆ ಇರುತ್ತದೆ. ಬಟ್ಟೆ ತೊಳೆಯುವ ಸೋಪು ಮತ್ತು ಪುಡಿಗಳ ಪಿಎಚ್ 9ಕ್ಕಿಂತ ಮೇಲೆ. ಇಂಥ ಕ್ಷಾರ ತಗುಲಿದರೆ ಚರ್ಮದ ಜಿಡ್ಡು ಕರಗಿ ಹೋಗುವುದಲ್ಲದೆ ಹದವೇ ಸಡಿಲಾಗುತ್ತದೆ. ಸ್ಯಾಡಲ್ ಸೋಪ್ ಎಂಬ ಹೆಸರಿನಲ್ಲಿ ಚರ್ಮಕ್ಕೆಂದೇ ಮಾಡಿದ, ಜಿಡ್ಡು ಬೆರೆತ ಸಾಬೂನು ಆನ್‌ಲೈನ್‌ನಲ್ಲಿ ಸಿಗುತ್ತದೆ. ಸಿಗದಿದ್ದರೆ ಮಕ್ಕಳ ತಲೆಗೆ ಹಾಕುವ ಸೌಮ್ಯ ಶಾಂಪೂ ನಾಲ್ಕೈದು ಹನಿಯನ್ನು ಒಂದು ಬಟ್ಟಲು ನೀರಿಗೆ ಬೆರೆಸಿದರೆ ಕೆಲಸ ನಡೆಯುತ್ತದೆ.

ಇನ್ನು ಕಂಡೀಷನರ್, ಅಂದರೆ ಕಳೆದುಹೋದ ಜಿಡ್ಡನ್ನು ಮರಳಿ ಕೊಡುವ ಕ್ರೀಮು. ಬಣ್ಣ ಕೊಡುವ ಕ್ರೀಮ್ ಪಾಲಿಶ್. ರಕ್ಷಣೆಗೆ ಡಬ್ಬಿಯ ಮೇಣದ ಪಾಲಿಶ್. ಈ ಮೂರರ ಕೆಲಸ ಬೇರೆಬೇರೆ. ಮೇಣ ಹೊರಗೆ ಕಾಪಾಡುತ್ತದೆಯೇ ಹೊರತು ಒಳಗೆ ಉಣಿಸುವುದಿಲ್ಲ. ತುದಿಗೆ ಸ್ಪಂಜು ಇರುವ ದ್ರವ ಪಾಲಿಶ್ ಅವಸರಕ್ಕೆ ಹೊಳಪು ಕೊಡುತ್ತದೆ; ಆದರೆ ಅದು ಚರ್ಮದ ಮೇಲೆ ಪ್ಲಾಸ್ಟಿಕ್ಕಿನಂಥ ಪೊರೆ ಕಟ್ಟಿ, ಮಡಿಕೆಯಲ್ಲಿ ಸಿಪ್ಪೆಯೇಳುತ್ತದೆ. ನಿತ್ಯದ ಬಳಕೆಗೆ ಅದು ಬೇಡ.

ಹಂತ 1: ಬಿಚ್ಚುವುದು

ಲೇಸು ಪೂರ್ತಿ ತೆಗೆಯಿರಿ, ಒಳಹಾಸನ್ನು ಹೊರತೆಗೆಯಿರಿ, ನಾಲಿಗೆಯನ್ನು ಮುಂದಕ್ಕೆ ಎಳೆದು ಅದರ ಎರಡೂ ಬದಿಯ ಮಡಿಕೆಗಳನ್ನು ಬಿಡಿಸಿರಿ. ಧೂಳು ಹೆಚ್ಚು ಸೇರುವುದು ಈ ಮಡಿಕೆಗಳಲ್ಲಿ. ಲೇಸು ಬಿಗಿಯಾಗಿದ್ದಾಗ ಅಲ್ಲಿಗೆ ಬ್ರಷ್ ಹೋಗದು. ಲೇಸನ್ನು ಸಾಬೂನು ನೀರಿನಲ್ಲಿ ನೆನೆಹಾಕಿ ಪಕ್ಕಕ್ಕಿಡಿ.

ಹಂತ 2: ಒಣ ಧೂಳು ತೆಗೆಯುವುದು

ಬೂಟನ್ನು ತಲೆಕೆಳಗಾಗಿ ಹಿಡಿದು ಹಿಮ್ಮಡಿಗೆ ಹಿಮ್ಮಡಿ ತಟ್ಟಿ ಒಳಗಿನ ಮಣ್ಣು ಉದುರಿಸಿ. ಬಳಿಕ ಧೂಳಿನ ಬ್ರಷ್ ಹಿಡಿದು ಮೇಲಿನಿಂದ ಕೆಳಕ್ಕೆ, ಒಂದೇ ದಿಕ್ಕಿನಲ್ಲಿ, ಒತ್ತದೆ ಉದ್ದುದ್ದವಾಗಿ ಆಡಿಸಿ. ಹಿಂದೆಮುಂದೆ ತಿಕ್ಕಿದರೆ ಹಾರಿಹೋಗಬೇಕಾದ ಕಣ ಮತ್ತೆ ಚರ್ಮಕ್ಕೇ ಉಜ್ಜಿಕೊಳ್ಳುತ್ತದೆ. ಮೇಲ್ಚರ್ಮ ಅಟ್ಟೆಗೆ ಸೇರುವ ಅಂಚಿನಲ್ಲಿ ಹಳೆಯ ಹಲ್ಲುಬ್ರಷ್ಷನ್ನು ಹೊಲಿಗೆಯ ಗುಂಟ ನಡೆಸಿ. ಗಣಿಯಲ್ಲಿ ಒಂದು ಪಾಳಿ ಮುಗಿಸಿದ ಬೂಟಾದರೆ ಈ ಅಂಚಿನ ಕೆಳಗೆ ಹಾಸಿದ ಕಾಗದದ ಮೇಲೆ ತೆಳುವಾದ ಕೆಂಪು ಗೆರೆಯೇ ಬಿದ್ದಿರುತ್ತದೆ. ಹೊಲಿಗೆಯ ದಾರವನ್ನು ಒಳಗಿಂದ ಕೊಯ್ಯುವುದು ಆ ಪುಡಿಯೇ. ಬಿಳಿ ಬಟ್ಟೆಯ ತುಂಡನ್ನು ಒಣಗಿದ ಹಾಗೆಯೇ ಬೂಟಿನ ಮೇಲೆ ಆಡಿಸಿ ನೋಡಿ. ಬಟ್ಟೆ ಕೆಂಪಾಗುವಷ್ಟು ಕಾಲ ನೀರು ಮುಟ್ಟಿಸಬೇಡಿ.

ಕಾರ್ಖಾನೆಗಳಲ್ಲಿ ಒತ್ತಿದ ಗಾಳಿಯ ಪೈಪು ಹಿಡಿದು ಮೈಗೂ ಬೂಟಿಗೂ ಊದಿಕೊಳ್ಳುವ ಅಭ್ಯಾಸ ಕಾಣುತ್ತದೆ. ಅದು ಧೂಳನ್ನು ಹೊಲಿಗೆಯ ಒಳಕ್ಕೆ ನೂಕುತ್ತದೆ. ಅದಕ್ಕಿಂತ ಮುಖ್ಯವಾಗಿ ಕಣ್ಣಿಗೆ, ಕಿವಿಗೆ, ಗಾಯವಿರುವ ಚರ್ಮಕ್ಕೆ ಅಪಾಯ. ದಯವಿಟ್ಟು ಮಾಡಬೇಡಿ. ಬ್ರಷ್ ಆಡಿಸುವಾಗಲೂ ಬೂಟನ್ನು ಮುಖದಿಂದ ದೂರ ಹಿಡಿದು, ಮನೆಯ ಹೊರಗೆ, ಗಾಳಿ ಬರುವ ಕಡೆಗೆ ಬೆನ್ನು ಮಾಡಿ ನಿಂತುಕೊಳ್ಳಿ.

ದಿನಾಲೂ ಬೇರೇನೂ ಮಾಡಲಾಗದವರು ಕೆಲಸ ಮುಗಿದ ಕೂಡಲೇ ಇಷ್ಟನ್ನು ಮಾಡಿದರೂ ಬೂಟಿನ ಆಯುಷ್ಯ ಬಹಳಷ್ಟು ಹೆಚ್ಚುತ್ತದೆ. ಎರಡು ನಿಮಿಷದ ಕೆಲಸವಿದು.

ಹಂತ 3: ಎರೆಮಣ್ಣು ಮೆತ್ತಿದ್ದರೆ

ಕಪ್ಪು ಎರೆಮಣ್ಣಿನ ಜೇಡಿ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮಳೆಗಾಲದಲ್ಲಿ ಹೊಲ ದಾಟಿಬಂದವರ ಬೂಟಿಗೆ ಅಂಟಿದ ಹೆಂಟೆಯನ್ನು ಹಸಿಯಿರುವಾಗಲೇ ಚಾಕುವಿನಿಂದ ಕೆರೆದರೆ ಚರ್ಮಕ್ಕೆ ಗೀರು ಬೀಳುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆದರೆ ಮಣ್ಣಿನ ರಾಡಿಯೆಲ್ಲ ಹೊಲಿಗೆಗೆ ನುಗ್ಗುತ್ತದೆ. ಆದ್ದರಿಂದ ದಪ್ಪನೆಯ ಹೆಂಟೆಯನ್ನು ಮಾತ್ರ ಬಿದಿರಿನ ಸೀಳಿನಿಂದ ಎಬ್ಬಿಸಿ ತೆಗೆದು, ಉಳಿದ ಪದರವನ್ನು ನೆರಳಿನಲ್ಲಿ ಒಣಗಲು ಬಿಡಿ. ಪದರ ಬಿರುಕುಬಿಟ್ಟು ಅಂಚು ಮೇಲೆದ್ದಾಗ ಬೂಟುಗಳನ್ನು ಒಂದಕ್ಕೊಂದು ತಟ್ಟಿದರೆ ಹಲ್ಲೆಹಲ್ಲೆಯಾಗಿ ಉದುರುತ್ತದೆ. ಅಲ್ಲಿಂದ ಮುಂದೆ ಎರಡನೆಯ ಹಂತದ ಬ್ರಷ್.

ಆದರೆ ಒಣಗಲಿ ಎಂದು ವಾರಗಟ್ಟಲೆ ಹಾಗೆಯೇ ಬಿಡುವುದು ತಪ್ಪು. ಕುಗ್ಗುವ ಮಣ್ಣು ತನ್ನೊಡನೆ ಚರ್ಮದ ತೇವವನ್ನೂ ಎಳೆದುಕೊಳ್ಳುತ್ತದೆ. ಹಿಂದಿನ ದಿನ ಮೆತ್ತಿದ್ದನ್ನು ಮರುದಿನ ತೆಗೆಯಲೇಬೇಕು.

ಹಂತ 4: ಒದ್ದೆ ಬಟ್ಟೆಯಿಂದ ಒರೆಸುವುದು

ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹನಿ ಬೀಳದಷ್ಟು ಹಿಂಡಿ, ಇಡೀ ಬೂಟನ್ನು ಒಂದೇ ಸಮನೆ ಒರೆಸಿ. ಕಲೆಯಿದ್ದ ಜಾಗವನ್ನಷ್ಟೇ ಒದ್ದೆ ಮಾಡಿದರೆ ಒಣಗಿದ ಮೇಲೆ ಅಲ್ಲೊಂದು ಗುರುತು ಉಳಿಯುತ್ತದೆ. ಬಟ್ಟೆಯ ಮಗ್ಗುಲು ಬದಲಿಸುತ್ತಿರಿ. ಜಿಡ್ಡು, ಗ್ರೀಸು ಇದ್ದರೆ ಮಾತ್ರ ಶಾಂಪೂ ನೀರಿನ ನೊರೆಯಿಂದ ಸುತ್ತುಸುತ್ತಾಗಿ ಉಜ್ಜಿ, ಶುದ್ಧ ನೀರಿನ ಬಟ್ಟೆಯಿಂದ ಎರಡು ಸಲ ಒರೆಸಿ ತೆಗೆಯಿರಿ. ಗ್ರೀಸು ಹೋಗಲೆಂದು ಪೆಟ್ರೋಲ್, ಡೀಸೆಲ್, ಥಿನ್ನರ್ ಮುಟ್ಟಿಸುವವರು ಗ್ರೀಸಿನ ಜೊತೆಗೆ ಚರ್ಮದ ಜಿಡ್ಡನ್ನೂ ಅಟ್ಟೆಯ ಅಂಟನ್ನೂ ಕಳೆದುಕೊಳ್ಳುತ್ತಾರೆ.

ಈ ಹಂತದಲ್ಲಿ ನಮ್ಮ ಭಾಗದ ಮೂರು ಕಲೆಗಳನ್ನು ಪ್ರತ್ಯೇಕವಾಗಿ ನೋಡಿಕೊಳ್ಳಬೇಕು.

ಮೊದಲನೆಯದು ಉಪ್ಪಿನ ಬಿಳಿ ಗೆರೆ. ತುಂಗಭದ್ರಾ ಅಚ್ಚುಕಟ್ಟಿನ ಸವಳು ಜವಳು ಭೂಮಿಯಲ್ಲಿ ಓಡಾಡಿದವರ ಬೂಟಿನ ಮೇಲೆ, ನೀರು ಏರಿದ ಮಟ್ಟಕ್ಕೆ ಸರಿಯಾಗಿ, ಬಿಳಿ ಅಂಚು ಮೂಡುತ್ತದೆ. ಬೆವರು ಒಳಗಿನಿಂದ ಹೊರಗೆ ಇಳಿದಾಗಲೂ ಹೀಗೆಯೇ ಆಗುತ್ತದೆ. ಅದರ ಮೇಲೆ ಪಾಲಿಶ್ ಬಳಿದು ಮುಚ್ಚಿದರೆ ಉಪ್ಪು ಒಳಗೇ ಉಳಿದು, ತೇವ ಸಿಕ್ಕಾಗಲೆಲ್ಲ ಮತ್ತೆ ಹೊರಬರುತ್ತದೆ. ಒಂದು ಭಾಗ ಬಿಳಿ ವಿನೆಗರಿಗೆ ಎರಡು ಭಾಗ ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ ಒರೆಸಿ, ಆಮೇಲೆ ಬರಿಯ ನೀರಿನ ಬಟ್ಟೆಯಿಂದ ಒರೆಸಿ. ಗೆರೆ ಮರುಕಳಿಸಿದರೆ ಮತ್ತೊಮ್ಮೆ ಮಾಡಿ.

ಎರಡನೆಯದು ಸಿಮೆಂಟು ಮತ್ತು ಸುಣ್ಣ. ಹಸಿ ಸಿಮೆಂಟಿನ ಪಿಎಚ್ 12ನ್ನು ಮೀರುತ್ತದೆ; ಅದು ಕಾಲಿನ ಚರ್ಮವನ್ನು ಸುಡುವ ಹಾಗೆಯೇ ಬೂಟಿನ ಚರ್ಮವನ್ನೂ ಸುಡುತ್ತದೆ. ಇದಕ್ಕೆ ಮಾತ್ರ ಒಣಗುವವರೆಗೆ ಕಾಯಬಾರದು. ಕೂಡಲೇ ಧಾರಾಳ ನೀರಿನಿಂದ ಒರೆಸಿ, ಅದೇ ವಿನೆಗರ್ ನೀರಿನಿಂದ ಮತ್ತೊಮ್ಮೆ ಒರೆಸಿ. ಕಾಂಕ್ರೀಟ್ ಹಾಕುವ ದಿನ ಚರ್ಮದ ಬೂಟು ಬಿಟ್ಟು ರಬ್ಬರಿನ ಗಂಬೂಟು ಹಾಕಿಕೊಳ್ಳುವುದು ಎಲ್ಲಕ್ಕಿಂತ ಮೇಲು.

ಮೂರನೆಯದು ಕಪ್ಪು ಚುಕ್ಕೆ. ತೊಗಟೆಯಿಂದ ಹದಮಾಡಿದ ಕಂದು ಚರ್ಮದ ಮೇಲೆ ತುಕ್ಕು ಬೆರೆತ ನೀರು ಬಿದ್ದರೆ ಒಗರೂ ಕಬ್ಬಿಣವೂ ಕೂಡಿ ನೀಲಿಗಪ್ಪು ಕಲೆಯಾಗುತ್ತದೆ. ಹಿಂದೆ ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಬರೆಯುವ ಮಸಿ ಮಾಡುತ್ತಿದ್ದುದು ಇದೇ ಗುಣದಿಂದ. ನೀರು ಬೆರೆಸಿದ ನಿಂಬೆರಸದಿಂದ ಮೃದುವಾಗಿ ಒರೆಸಿದರೆ ಕಲೆ ತಿಳಿಯಾಗಬಹುದು, ಪೂರ್ತಿ ಹೋಗುತ್ತದೆಂದು ನೆಚ್ಚಬೇಡಿ. ಒದ್ದೆ ಬೂಟನ್ನು ಕಬ್ಬಿಣದ ರ್‍ಯಾಕಿನ ಮೇಲೆ ಇಡದಿರುವುದು ಇದಕ್ಕೆ ಸುಲಭದ ಮುನ್ನೆಚ್ಚರಿಕೆ.

ಹಂತ 5: ಒಣಗಿಸುವುದು

ಧೂಳಿನ ಮೇಲೆ ಪಾಲಿಶ್ ಹಚ್ಚುವುದನ್ನು ಬಿಟ್ಟರೆ ಬೂಟು ಹೆಚ್ಚು ಹಾಳಾಗುವುದು ಈ ಹಂತದಲ್ಲಿಯೇ. ಏಪ್ರಿಲ್ ಮೇ ತಿಂಗಳುಗಳಲ್ಲಿ ರಾಯಚೂರು, ಬಳ್ಳಾರಿಗಳ ಉಷ್ಣತೆ 40 ಡಿಗ್ರಿ ದಾಟುತ್ತದೆ; ಆ ಬಿಸಿಲಿನಲ್ಲಿ ತಾರಸಿಯ ಮೇಲೋ ತಗಡಿನ ಛಾವಣಿಯ ಮೇಲೋ ಇಟ್ಟ ಕಪ್ಪು ಬೂಟು ಗಾಳಿಗಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಒಣ ಚರ್ಮ ತಡೆದುಕೊಳ್ಳುವ ಬಿಸಿಯನ್ನು ಒದ್ದೆ ಚರ್ಮ ತಡೆದುಕೊಳ್ಳಲಾರದು. ನೀರು ತುಂಬಿದ ಎಳೆಗಳು ಬಿಸಿಗೆ ಮುದುಡಿ ಗಟ್ಟಿಯಾಗುತ್ತವೆ. ಒಮ್ಮೆ ಹಾಗೆ ಮುದುಡಿದ ಚರ್ಮ ಎಷ್ಟು ಎಣ್ಣೆ ಕುಡಿಸಿದರೂ ಮೊದಲಿನಂತಾಗುವುದಿಲ್ಲ. ಅಟ್ಟೆ ಅಂಟಿಸಿದ ಬೂಟಾದರೆ ಅಂಟು ಮೆತ್ತಗಾಗಿ ಮೂತಿಯ ಬಳಿ ಬಾಯಿ ಬಿಡುತ್ತದೆ. ಒಲೆಯ ಪಕ್ಕ, ಬೈಕಿನ ಸೈಲೆನ್ಸರಿನ ಮೇಲೆ, ಹೇರ್ ಡ್ರೈಯರಿನ ಮುಂದೆ ಒಣಗಿಸುವುದೂ ಇಷ್ಟೇ ಕೆಟ್ಟದ್ದು.

ಸರಿಯಾದ ಕ್ರಮ ಹೀಗಿದೆ. ಪತ್ರಿಕೆಯ ಹಾಳೆಗಳನ್ನು ಉಂಡೆಮಾಡಿ ಮೂತಿಯವರೆಗೂ ತುಂಬಿ, ಆದರೆ ಚರ್ಮ ಉಬ್ಬುವಷ್ಟು ಗಿಡಿಯಬೇಡಿ. ಬೂಟನ್ನು ಪಕ್ಕಕ್ಕೆ ಮಲಗಿಸಿ, ಅಟ್ಟೆಗೂ ಗಾಳಿ ಆಡುವಂತೆ, ಪಡಸಾಲೆಯ ನೆರಳಿನಲ್ಲಿಯೋ ಫ್ಯಾನಿನ ಕೆಳಗೋ ಇಡಿ. ಕಾಗದ ಒದ್ದೆಯಾದಂತೆ ಬದಲಿಸಿ; ಪೂರ್ತಿ ನೆನೆದ ಬೂಟಿಗೆ ಮೊದಲ ಎರಡು ಮೂರು ಗಂಟೆಗಳಲ್ಲಿ ಹೆಚ್ಚು ಸಲ ಬದಲಿಸಬೇಕಾಗುತ್ತದೆ. ನಮ್ಮಲ್ಲಿ ಬೇಸಿಗೆಯ ಒಣಗಾಳಿಗೆ ಬಿಸಿಲಿನ ನೆರವು ಬೇಕಾಗುವುದೇ ಇಲ್ಲ. ಹೊರಗೆ ಒಣಗಿದಂತೆ ಕಂಡರೂ ಒಳಗೆ ಕೈಹಾಕಿ ಬೆರಳಿನ ತುದಿಯವರೆಗೆ ಮುಟ್ಟಿನೋಡಿ. ಅಲ್ಲಿ ತಣ್ಣಗಿದ್ದರೆ ತೇವ ಉಳಿದಿದೆ ಎಂದೇ ಅರ್ಥ.

ನಿತ್ಯ ಬೂಟು ಹಾಕುವವರು ಎರಡು ಜೊತೆ ಇಟ್ಟುಕೊಂಡು ದಿನ ಬಿಟ್ಟು ದಿನ ಬದಲಿಸುವುದು ದುಬಾರಿ ಎನಿಸಬಹುದು. ಆದರೆ ಬೆವರು ಪೂರ್ತಿ ಆರಲು ಒಂದು ಹಗಲು ಒಂದು ರಾತ್ರಿ ಬೇಕು. ಆರುವ ಮೊದಲೇ ಮತ್ತೆ ತೊಟ್ಟ ಒಂದು ಜೊತೆಗಿಂತ ಸರದಿಯ ಮೇಲೆ ತೊಟ್ಟ ಎರಡು ಜೊತೆ ಒಟ್ಟಿನಲ್ಲಿ ಹೆಚ್ಚು ದಿನ ಬರುತ್ತವೆ.

ಹಂತ 6: ಜಿಡ್ಡು ಉಣಿಸುವುದು

ಯಾವ ಎಣ್ಣೆ ಹಚ್ಚಬೇಕು ಎಂಬುದು ಅತಿ ಹೆಚ್ಚು ಬಂದ ಪ್ರಶ್ನೆ. ಎಣ್ಣೆಕಾಳಿನ ಸೀಮೆಯಾದ್ದರಿಂದ ಮನೆಯಲ್ಲಿರುವ ಎಣ್ಣೆಗೆ ಕೈ ಹೋಗುವುದು ಸಹಜ. ಆದರೆ ಎಲ್ಲ ಎಣ್ಣೆಯೂ ಚರ್ಮಕ್ಕೆ ಒಗ್ಗುವುದಿಲ್ಲ. ಕುಸುಬೆ ಮತ್ತು ಅಗಸೆ ಎಣ್ಣೆಗಳು ಗಾಳಿಗೆ ಒಡ್ಡಿದಾಗ ಕ್ರಮೇಣ ಗಟ್ಟಿಯಾಗುವ ಜಾತಿಯವು. ಬಣ್ಣ ವಾರ್ನಿಷ್‌ಗಳಲ್ಲಿ ಅವನ್ನು ಬಳಸುವುದೇ ಆ ಗುಣಕ್ಕಾಗಿ, ಚರ್ಮವನ್ನು ಅವು ಮೊದಲು ಅಂಟಂಟಾಗಿಸಿ ಆಮೇಲೆ ಸೆಟೆಸುತ್ತವೆ. ಶೇಂಗಾ ಎಣ್ಣೆ ಕಮಟುತ್ತದೆ. ಕೊಬ್ಬರಿ ಎಣ್ಣೆ ಬೇಗ ಇಳಿಯುತ್ತದೆ ನಿಜ, ಆದರೆ ಚರ್ಮವನ್ನು ಅತಿಯಾಗಿ ಮೆತ್ತಗೆ ಮಾಡಿ, ಕಂದು ಬಣ್ಣವನ್ನು ಕಪ್ಪಗಾಗಿಸುತ್ತದೆ. ಮನೆಯ ಎಣ್ಣೆಯನ್ನೇ ಬಳಸಬೇಕೆಂದರೆ ಔಡಲ ಎಣ್ಣೆ ಇವುಗಳಲ್ಲಿ ವಾಸಿ. ಅದು ಗಾಳಿಗೆ ಗಟ್ಟಿಯಾಗುವುದಿಲ್ಲ. ದಪ್ಪ ಚರ್ಮದ ಚಪ್ಪಲಿಗೂ ಕೆಲಸದ ಬೂಟಿಗೂ ಕೆಲವೇ ಹನಿ ಸಾಕು. ನುಣುಪಾದ, ಬೆಲೆಬಾಳುವ ಬೂಟಿಗೆ ಮಾತ್ರ ಕಂಡೀಷನರ್ ಕ್ರೀಮನ್ನೇ ಕೊಳ್ಳಿ.

ಹಚ್ಚುವ ಮೊದಲು ಹಿಮ್ಮಡಿಯ ಒಳಬದಿಯಂಥ ಕಾಣದ ಜಾಗದಲ್ಲಿ ಸ್ವಲ್ಪ ಹಚ್ಚಿ, ಒಂದು ರಾತ್ರಿ ಬಿಟ್ಟು ಬಣ್ಣ ನೋಡಿ. ಒಪ್ಪಿಗೆಯಾದರೆ ಒಂದು ಬೂಟಿಗೆ ಕಡಲೆಕಾಳಿನಷ್ಟು ಕ್ರೀಮು ಬಟ್ಟೆಗೆ ತೆಗೆದುಕೊಂಡು, ಬೆರಳು ಮಡಚುವ ಜಾಗದಿಂದ ಆರಂಭಿಸಿ ತೆಳುವಾಗಿ ಹರಡಿ. ನಾಲಿಗೆಯ ಮಡಿಕೆ, ಹಿಮ್ಮಡಿಯ ಮೇಲಿನ ಬಾಗು, ಲೇಸಿನ ಕಣ್ಣುಗಳ ಸುತ್ತ ಮರೆಯಬೇಡಿ. ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಒಣಬಟ್ಟೆಯಿಂದ ಚೆನ್ನಾಗಿ ಒರೆಸಿ ತೆಗೆಯಿರಿ. ಒರೆಸಿದ ಮೇಲೆ ಬೆರಳಾಡಿಸಿದರೆ ಜಿಡ್ಡು ಹತ್ತಬಾರದು. ಹತ್ತಿದರೆ ಹೆಚ್ಚಾಗಿದೆ ಎಂದರ್ಥ. ಆ ಹೆಚ್ಚಿನ ಎಣ್ಣೆ ಅದೇ ದಿನ ಗಣಿಯ ಧೂಳನ್ನೆಲ್ಲ ಕರೆದು ಕೂರಿಸಿಕೊಂಡು, ನಾವು ಎರಡನೆಯ ಹಂತದಲ್ಲಿ ತಪ್ಪಿಸಿದ ಮರಳು ಕಾಗದದ ಕೆಲಸವನ್ನು ಮತ್ತೆ ಶುರುಮಾಡುತ್ತದೆ.

ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಉಳಿದ ಕಾಲದಲ್ಲಿ ಎರಡು ತಿಂಗಳಿಗೊಮ್ಮೆ ಉಣಿಸಿದರೆ ಸಾಕು. ಬೂಟು ಪೂರ್ತಿ ನೆನೆದು ಒಣಗಿದಾಗ ಮಾತ್ರ ಲೆಕ್ಕ ನೋಡದೆ ಒಮ್ಮೆ ಹಚ್ಚಿ.

ಕುಲುಮೆಯ ಬಳಿ, ವೆಲ್ಡಿಂಗ್ ಕಿಡಿ ಬೀಳುವ ಕಡೆ ದುಡಿಯುವವರಿಗೆ ಒಂದು ಎಚ್ಚರಿಕೆ. ಎಣ್ಣೆ ಹೆಚ್ಚು ಹೀರಿದ ಚರ್ಮಕ್ಕೆ ಬೆಂಕಿ ತಾಗುವ ಅಪಾಯ ಹೆಚ್ಚು. ನೀವು ಎಣ್ಣೆ ಹಚ್ಚದೆ, ಬೂಟಿನ ತಯಾರಕರು ಸೂಚಿಸಿದ್ದನ್ನು ಮಾತ್ರ ಬಳಸಿ. ಸುರಕ್ಷತಾ ಅಧಿಕಾರಿಯನ್ನು ಕೇಳಿ.

ಹಂತ 7: ಬಣ್ಣ ಮತ್ತು ಹೊಳಪು

ಬಣ್ಣ ಮಾಸಿದ್ದರೆ ಕ್ರೀಮ್ ಪಾಲಿಶ್ ಹಚ್ಚಿ ಹತ್ತು ನಿಮಿಷ ಬಿಟ್ಟು ಬ್ರಷ್ ಆಡಿಸಿ. ಅದರ ಮೇಲೆ ಮೇಣದ ಪಾಲಿಶ್ಷನ್ನು ತೆಳುವಾಗಿ ಸವರಿ, ಮೇಲ್ಮೈ ಮಂಕಾಗುವವರೆಗೆ ಕಾದು, ಹೊಳಪಿನ ಬ್ರಷ್ಷಿನಿಂದ ವೇಗವಾಗಿ, ಹಗುರವಾಗಿ ತಿಕ್ಕಿ. ದಪ್ಪ ಪದರ ಬೇಗ ಹೊಳೆಯುತ್ತದೆಂಬುದು ತಪ್ಪು ತಿಳಿವಳಿಕೆ.

ಪರೇಡಿಗೆ ಕನ್ನಡಿಯಂಥ ಹೊಳಪು ಬೇಕಾದವರು ನುಣುಪಾದ ಹತ್ತಿಬಟ್ಟೆಯನ್ನು ಎರಡು ಬೆರಳಿಗೆ ಬಿಗಿಯಾಗಿ ಸುತ್ತಿ, ಚೂರೇ ಚೂರು ಮೇಣ ತೆಗೆದುಕೊಂಡು ಮೂತಿಯ ಮೇಲೆ ಸಣ್ಣ ಸುತ್ತುಗಳಾಗಿ ಉಜ್ಜಿ. ಮೇಣ ಎಳೆದಂತಾದಾಗ ಒಂದು ಹನಿ ನೀರು ಹಾಕಿ ಮತ್ತೆ ಸುತ್ತಿ. ಹೀಗೆ ತೆಳು ಪದರದ ಮೇಲೆ ತೆಳು ಪದರ ಕೂರಿಸುತ್ತ ಹೋದರೆ ಮೇಲ್ಮೈಯ ಸಣ್ಣ ಕುಳಿಗಳೆಲ್ಲ ಮೇಣದಿಂದ ತುಂಬಿ ಸಮವಾಗುತ್ತವೆ, ಆಗ ಬೆಳಕು ಚದುರದೆ ನೇರವಾಗಿ ಹಿಂದಿರುಗುತ್ತದೆ. ಇದನ್ನು ಮೂತಿ ಮತ್ತು ಹಿಮ್ಮಡಿಗೆ ಮಾತ್ರ ಮಾಡಬೇಕು. ಮಡಚುವ ಜಾಗದಲ್ಲಿ ಮಾಡಿದರೆ ಮೊದಲ ಹೆಜ್ಜೆಗೇ ಮೇಣ ಬಿರಿದು ಬಿಳಿ ಗೆರೆ ಬೀಳುತ್ತದೆ. ಮೇಣ ಕರಗಲೆಂದು ಪಾಲಿಶ್ ಡಬ್ಬಿಗೆ ಬೆಂಕಿ ತಾಗಿಸುವ ಪದ್ಧತಿ ಹಾಸ್ಟೆಲ್ಲುಗಳಲ್ಲಿ ಇನ್ನೂ ಇದೆ. ಡಬ್ಬಿಯಲ್ಲಿರುವುದು ಬೇಗ ಹತ್ತಿಕೊಳ್ಳುವ ದ್ರಾವಕ. ಕೈಸುಟ್ಟುಕೊಳ್ಳುವುದಕ್ಕೆ ಒಂದು ಕ್ಷಣ ಸಾಕು. ನಮ್ಮ ಬಿಸಿಲಿಗೆ ಡಬ್ಬಿಯನ್ನು ಕಿಟಕಿಯ ಬಳಿ ಸ್ವಲ್ಪ ಹೊತ್ತು ಮುಚ್ಚಳ ಹಾಕಿಯೇ ಇಟ್ಟರೂ ಮೇಣ ಮೆತ್ತಗಾಗುತ್ತದೆ.

ಹಂತ 8: ವಾಸನೆ, ಬೂಷ್ಟು, ಸಂಗ್ರಹ

ವಾಸನೆಗೆ ಒಳಹಾಸೇ ಮೂಲ. ಅದನ್ನು ಪ್ರತಿ ರಾತ್ರಿ ಹೊರತೆಗೆದು ಗಾಳಿಗಿಡಿ. ಅಡಿಗೆ ಸೋಡಾವನ್ನು ಬೂಟಿನೊಳಗೆ ನೇರವಾಗಿ ಉದುರಿಸಬೇಡಿ, ಅದೂ ಕ್ಷಾರವೇ. ತೆಳುಬಟ್ಟೆಯ ಗಂಟು ಕಟ್ಟಿ ಇಡಿ. ಮಳೆಗಾಲದಲ್ಲಿ ಬೂಷ್ಟು ಹಿಡಿದರೆ ಮನೆಯ ಹೊರಗೆ ಬ್ರಷ್ ಮಾಡಿ, ಸರ್ಜಿಕಲ್ ಸ್ಪಿರಿಟ್ ಮತ್ತು ನೀರನ್ನು ಸಮ ಬೆರೆಸಿ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಕಂಡೀಷನರ್ ಹಚ್ಚಿ. ಸ್ಪಿರಿಟ್ಟು ಕೆಲವು ಬಣ್ಣಗಳನ್ನು ಎಬ್ಬಿಸುತ್ತದೆ, ಆದ್ದರಿಂದ ಇಲ್ಲಿಯೂ ಮೊದಲು ಕಾಣದ ಜಾಗದಲ್ಲಿ ಪರೀಕ್ಷಿಸಿ.

ಕೆಲಕಾಲ ಹಾಕದ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ. ಕಾಗದ ತುಂಬಿ, ಬಟ್ಟೆಯ ಚೀಲದಲ್ಲಿ ಹಾಕಿ, ಗಾಳಿಯಾಡುವ ಕಪಾಟಿನಲ್ಲಿಡಿ. ಸ್ಕೂಟರಿನ ಡಿಕ್ಕಿ, ಮುಚ್ಚಿದ ಕಾರು, ತಗಡಿನ ಶೆಡ್ಡು ಇವು ಬೇಸಿಗೆಯಲ್ಲಿ ಬೂಟಿಡುವ ಜಾಗಗಳಲ್ಲ.

ಸೇಫ್ಟಿ ಶೂ ತೊಡುವವರಿಗೆ ಇನ್ನಷ್ಟು

ಸುರಕ್ಷತಾ ಪಾದರಕ್ಷೆಗಳಿಗೆ ಭಾರತೀಯ ಮಾನಕ ಐಎಸ್ 15298 ಇದೆ; ಅದರ ಎರಡನೆಯ ಭಾಗದ ಪ್ರಕಾರ ಮೂತಿಯೊಳಗಿನ ಟೋಪಿ 200 ಜೂಲ್ ಪೆಟ್ಟು ತಡೆಯಬೇಕು, ಅಂದರೆ ಸುಮಾರು 20 ಕಿಲೋ ತೂಕ ಒಂದು ಮೀಟರ್ ಎತ್ತರದಿಂದ ಬಿದ್ದ ಹೊಡೆತ. ಇಂಥ ದೊಡ್ಡ ಪೆಟ್ಟು ಒಮ್ಮೆ ಬಿದ್ದ ಬೂಟು ಹೊರಗೆ ಸರಿಯಾಗಿಯೇ ಕಂಡರೂ ಅದನ್ನು ಬದಲಿಸಿ. ಒಳಗಿನ ಟೋಪಿ ತಗ್ಗಿದ್ದರೆ ಎರಡನೆಯ ಪೆಟ್ಟಿಗೆ ಅದೇ ಬೆರಳನ್ನು ಒತ್ತುತ್ತದೆ. ಎಣ್ಣೆ, ಮೇಣ ಯಾವುದೂ ಅಟ್ಟೆಯ ತಳಕ್ಕೆ ತಾಗದಂತೆ ನೋಡಿಕೊಳ್ಳಿ, ಜಾರಿ ಬೀಳುವ ಭಯವಿದೆ. ತಳದ ಗೆರೆಗಳಲ್ಲಿ ಸಿಕ್ಕಿದ ಅದಿರಿನ ಹರಳು, ಲೋಹದ ಚೂರುಗಳನ್ನು ಬಿದಿರಿನ ಸೀಳಿನಿಂದ ವಾರಕ್ಕೊಮ್ಮೆ ಕಿತ್ತು ತೆಗೆಯಿರಿ. ವಿದ್ಯುತ್ ಕೆಲಸಕ್ಕೆಂದು ಕೊಟ್ಟ ಬೂಟಾದರೆ ಮೊಳೆ ಹೊಡೆಸುವುದು, ಬೇರೆ ಅಟ್ಟೆ ಹಾಕಿಸುವುದು, ಒಳಹಾಸು ಬದಲಿಸುವುದು ಯಾವುದನ್ನೂ ನೀವಾಗಿ ಮಾಡಬೇಡಿ.

ಇವುಗಳ ಅಟ್ಟೆ ಹೆಚ್ಚಾಗಿ ಪಾಲಿಯುರೆಥೇನ್‌ನದು. ಅಂಗಡಿಯವರು ಪಿಯು ಎನ್ನುವುದು ಇದನ್ನೇ. ಗಾಳಿಯ ತೇವದೊಡನೆ ಇದು ನಿಧಾನವಾಗಿ ಪ್ರತಿಕ್ರಿಯಿಸಿ ಒಳಗೊಳಗೇ ಶಿಥಿಲವಾಗುತ್ತದೆ, ಸೆಕೆಯಿದ್ದರೆ ಇನ್ನೂ ಬೇಗ. ಹಾಗಾಗಿ ಹೊಸದೆಂದು ಪೆಟ್ಟಿಗೆಯಲ್ಲಿ ಹಲವು ವರ್ಷ ಜೋಪಾನ ಮಾಡಿದ ಬೂಟು ತೊಟ್ಟ ದಿನವೇ ಪುಡಿಪುಡಿಯಾಗಿ ಉದುರಿದ ದೂರುಗಳು ಬರುತ್ತವೆ. ಇದಕ್ಕೆ ಆರೈಕೆಯಿಲ್ಲ. ಕೊಳ್ಳುವಾಗ ತಯಾರಿಕೆಯ ತಿಂಗಳು ಮತ್ತು ವರ್ಷ ನೋಡಿ, ರಿಯಾಯಿತಿಗೆ ಮರುಳಾಗಿ ಹಳೆಯ ದಾಸ್ತಾನು ತರಬೇಡಿ, ತಂದದ್ದನ್ನು ಬಳಸಿ. ಮನೆಯಲ್ಲಿ ಹಾಗೆ ಉಳಿದಿರುವ ಜೊತೆಯಿದ್ದರೆ ಕೆಲಸಕ್ಕೆ ಹಾಕಿಕೊಂಡು ಹೋಗುವ ಮೊದಲು ಅಟ್ಟೆಯನ್ನು ಎರಡೂ ಕೈಯಿಂದ ಬಗ್ಗಿಸಿ, ಹೆಬ್ಬೆರಳಿನ ಉಗುರಿನಿಂದ ಬದಿಯನ್ನು ಒತ್ತಿ ನೋಡಿ. ಉಗುರಿನ ಗುರುತು ಹಾಗೆಯೇ ಉಳಿದರೆ ಅಥವಾ ಸಣ್ಣ ಬಿರುಕು ಕಂಡರೆ ಆ ಜೊತೆ ಗಣಿಗೂ ಬೇಡ, ಹೊಲಕ್ಕೂ ಬೇಡ.

ರಿಪೇರಿಯ ವಿಷಯದಲ್ಲಿ ತಡಮಾಡಬೇಡಿ. ಹೊಲಿಗೆಯ ಎರಡು ಮೂರು ಕಣ್ಣು ಬಿಚ್ಚಿದಾಗಲೇ ಹೊಲಿಸಿದರೆ ಅದೇ ತೂತುಗಳಲ್ಲಿ ದಾರ ಕೂರುತ್ತದೆ. ಪೂರ್ತಿ ಬಿಚ್ಚಿ ತೂತುಗಳು ಹರಿದ ಮೇಲೆ ಎಷ್ಟೇ ನುರಿತ ಕೈಯಾದರೂ ಹೊಸ ತೂತು ಹಾಕಬೇಕಾಗುತ್ತದೆ, ಚರ್ಮ ಅಷ್ಟು ದುರ್ಬಲವಾಗುತ್ತದೆ. ಹಿಮ್ಮಡಿ ಒಂದು ಬದಿ ಸವೆದಿದ್ದರೆ ಅದು ಅಟ್ಟೆಯವರೆಗೆ ಮುಟ್ಟುವ ಮೊದಲೇ ಪಟ್ಟಿ ಹಾಕಿಸಿ. ರಿಪೇರಿಗೆ ಕೊಡುವ ಮೊದಲು ಬೂಟನ್ನು ಮೊದಲ ಎರಡು ಹಂತಗಳಂತೆ ಬಿಚ್ಚಿ, ಧೂಳು ತೆಗೆದು ಒಯ್ಯಿರಿ. ಅಂಟು ಹಿಡಿಯಬೇಕಾದ ಜಾಗದಲ್ಲಿ ಅದಿರಿನ ಪುಡಿ ಉಳಿದಿದ್ದರೆ ಅಂಟು ಚರ್ಮವನ್ನು ಹಿಡಿಯದೆ ಪುಡಿಯನ್ನು ಹಿಡಿಯುತ್ತದೆ, ವಾರದೊಳಗೆ ಅದೇ ಜಾಗ ಮತ್ತೆ ಬಾಯಿ ಬಿಡುತ್ತದೆ.